ಬಾಸಿಗೊಂದು ಸೀಟು, ನನಗೊಂದು ಮೂಲೆ

ವ್ಯಾನಿಗೆ ಮೊದಲು ಹತ್ತುವುದು ಬಾಸ್. ಆಮೇಲೆ ಡ್ರಮ್ಮುಗಳು, ಆಂಪ್ಲಿಫೈಯರುಗಳು, ಟಿ-ಶರ್ಟಿನ ಪೆಟ್ಟಿಗೆ. ಇವೆಲ್ಲ ಕೂತ ಮೇಲೆ ಉಳಿದ ಸಂದುಗಳಲ್ಲಿ ನಾವು ನಾಲ್ವರು. ಡಬಲ್ ಬಾಸ್ ಎಂದರೆ ಆರಡಿ ಎತ್ತರದ ಪಿಟೀಲು ಎಂದುಕೊಳ್ಳಿ. ಅದನ್ನು ಮಗ್ಗುಲಾಗಿ ಮಲಗಿಸಬೇಕು, ಮೇಲೆ ಏನನ್ನೂ ಇಡುವಂತಿಲ್ಲ, ಅದರ ಕುತ್ತಿಗೆ ಮುಂದಿನ ಎರಡು ಸೀಟುಗಳ ನಡುವೆ ಚಾಚಿಕೊಳ್ಳಬೇಕು. ಹೀಗಾಗಿ ನ್ಯಾಶ್‌ವಿಲ್‌ನಿಂದ ಡಲ್ಲಾಸ್‌ವರೆಗೆ ನಾನು ಕಂಡ ಅಮೆರಿಕದ ಅರ್ಧ ಭಾಗಕ್ಕೆ ಬಾಸಿನ ಬಿರಡೆಗಳು ಅಡ್ಡ ಇದ್ದವು.

ನಮ್ಮದು ರಾಕಬಿಲಿ ಬ್ಯಾಂಡ್. ಹೆಸರು ಬೇಡ, ಹೇಳಿದರೂ ನೀವು ಕೇಳಿರುವ ಸಂಭವವಿಲ್ಲ. 1950ರ ದಶಕದಲ್ಲಿ ಅಮೆರಿಕದ ದಕ್ಷಿಣದ ಬಿಳಿಯರ ಹಳ್ಳಿ ಹಾಡು ಮತ್ತು ಕರಿಯರ ರಿದಮ್ ಅಂಡ್ ಬ್ಲೂಸ್ ಒಂದಕ್ಕೊಂದು ಡಿಕ್ಕಿ ಹೊಡೆದು ಹುಟ್ಟಿದ ಸಂಗೀತ ಇದು. ನಮಗೆ ರೆಕಾರ್ಡ್ ಕಂಪನಿ ಇಲ್ಲ, ಮ್ಯಾನೇಜರ್ ಇಲ್ಲ, ಕಾರ್ಯಕ್ರಮ ಹಿಡಿದುಕೊಡುವ ಏಜೆಂಟ್ ಇಲ್ಲ. ಆ ಮೂರೂ ಕೆಲಸ ಮಾಡುವವಳು ನಮ್ಮ ಡ್ರಮ್ಮರ್. ಹಗಲಲ್ಲಿ ಅವಳು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುತ್ತಾಳೆ. ಹಾಡುವವನು ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ಗಿಟಾರಿನವನು ಏರ್ ಕಂಡಿಷನರ್ ರಿಪೇರಿ ಮಾಡುತ್ತಾನೆ, ಆದ್ದರಿಂದ ಚಳಿಗಾಲದಲ್ಲಿ ಅವನಿಗೆ ಪುರುಸೊತ್ತು. ನಾನು ಆಸ್ಪತ್ರೆಯೊಂದರ ಡೇಟಾಬೇಸ್ ಕಾಯುವವನು. 2024ರ ಫೆಬ್ರವರಿ ಮೊದಲ ವಾರ ನಾಲ್ವರೂ ರಜೆ ಹೊಂದಿಸಿಕೊಂಡು ಹತ್ತು ದಿನಕ್ಕೆ ಹೊರಟೆವು. ಆರು ಊರು, ಆರು ಕಾರ್ಯಕ್ರಮ.

ಕುಂದಾಪುರದ ಕಡೆಯವನಿಗೆ ಈ ಬಾಸಿನ ಹುಚ್ಚು ಹೇಗೆ ಹಿಡಿಯಿತು ಎಂದು ಎಲ್ಲರೂ ಕೇಳುತ್ತಾರೆ. ನನ್ನ ದೊಡ್ಡಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು. ಚಿಕ್ಕಂದಿನಲ್ಲಿ ಅವರ ಹಿಂದೆ ಹೋಗಿ ವೇಷ ಕಟ್ಟುವ ಚೌಕಿಯಲ್ಲಿ ನಿದ್ದೆಗಣ್ಣಲ್ಲಿ ಕೂತವನು ನಾನು, ಮದ್ದಳೆ ಮಾತ್ರ ಕಲಿಯಲಿಲ್ಲ. 2007ರಲ್ಲಿ ಅಮೆರಿಕಕ್ಕೆ ಬಂದು, ಕೆಲವು ವರ್ಷಗಳ ನಂತರ ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯ ಬಾರೊಂದರಲ್ಲಿ ಒಬ್ಬಾತ ಬಾಸಿನ ಹೊಟ್ಟೆಗೆ ಒರಗಿ ನಿಂತು ತಂತಿಗಳನ್ನು ಹೊಡೆಯುವುದನ್ನು ಕಂಡೆ. ಮೀಟುತ್ತಿರಲಿಲ್ಲ, ಹೊಡೆಯುತ್ತಿದ್ದ. ಮನೆಗೆ ಬಂದ ಮೇಲೂ ಆ ಪೆಟ್ಟು ಕಿವಿಯಿಂದ ಇಳಿಯಲಿಲ್ಲ.

ಒಂಬೈನೂರು ಡಾಲರಿಗೆ ಯಾರೋ ಮಾರುತ್ತಿದ್ದ ಹಳೆಯ ಪ್ಲೈವುಡ್ ಬಾಸ್ ತಂದೆ. ಕಲಿಯಲು ಮೂರು ವರ್ಷ ಬೇಕಾಯಿತು, ವೇದಿಕೆ ಹತ್ತಲು ಇನ್ನೂ ಹೆಚ್ಚು. ಎಚ್-1ಬಿ ಎಂಬ ಉದ್ಯೋಗ ವೀಸಾದವರು ತಮ್ಮ ಪರವಾಗಿ ಅರ್ಜಿ ಹಾಕಿದ ಕಂಪನಿಯನ್ನು ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ. ಬಾರಿನಲ್ಲಿ ಬಾಸ್ ಬಾರಿಸಿ ಇಪ್ಪತ್ತು ಡಾಲರ್ ಕಿಸೆಗೆ ಹಾಕಿಕೊಂಡರೂ ಅದು ದುಡಿಮೆಯೇ. ಹಾಗಾಗಿ 2018ರಲ್ಲಿ ಗ್ರೀನ್ ಕಾರ್ಡ್ ಬರುವ ತನಕ ನಾನು ಗೆಳೆಯರ ಹಿತ್ತಲುಗಳ ಕಲಾವಿದನಾಗಿದ್ದೆ. ಹನ್ನೊಂದು ವರ್ಷ ಕಾದು ಪಡೆದ ಆ ಕಾರ್ಡಿನ ಮೊದಲ ಉಪಯೋಗ ಇದು ಎಂದು ಊರಿನಲ್ಲಿ ಇಂದಿಗೂ ಹೇಳಿಲ್ಲ.

ಹೊಡೆಯುವ ಕ್ರಮ ಹೀಗೆ. ಬಲಗೈಯ ಎರಡು ಬೆರಳುಗಳನ್ನು ತಂತಿಗೆ ಕೊಕ್ಕೆಯಂತೆ ಸಿಕ್ಕಿಸಿ ಮರದಿಂದ ಹೊರಕ್ಕೆಳೆದು ಬಿಡಬೇಕು. ತಂತಿ ಹಿಂದಕ್ಕೆ ಚಿಮ್ಮಿ ಫಿಂಗರ್‌ಬೋರ್ಡಿಗೆ ಬಡಿದು ಸ್ವರದೊಡನೆ ‘ಟಕ್’ ಎನ್ನುತ್ತದೆ. ಮರುಕ್ಷಣ ಅಂಗೈ ತಂತಿಗಳ ಮೇಲೆ ಬಿದ್ದು ಬರೀ ‘ಚಟ್’. ಒಂದು ಮತ್ತು ಮೂರನೆಯ ಪೆಟ್ಟಿಗೆ ಸ್ವರ, ಎರಡು ಮತ್ತು ನಾಲ್ಕಕ್ಕೆ ಅಂಗೈ. ಇದು ಪಾಠದ ಮೊದಲ ದಿನ. ಆಮೇಲೆ ನಡುನಡುವೆ ಇನ್ನೆರಡು ಅಂಗೈ ಪೆಟ್ಟು ತುರುಕಿ ಕುದುರೆ ಓಡಿಸಬೇಕು. ನನ್ನ ಬೋಳು ತಲೆಗೆ ಇದು ಹತ್ತದೆ ಇದ್ದಾಗ ‘ತಕಿಟ ತಕಿಟ’ ಎಂದು ಬಾಯಲ್ಲಿ ಹೇಳಿಕೊಂಡೆ, ಕೈ ತಾನಾಗಿ ಹೋಯಿತು. ಬೆರಳ ತುದಿಯಲ್ಲಿ ಮೊದಲು ನೀರುಗುಳ್ಳೆ, ನಂತರ ರಕ್ತ, ನಂತರ ಆಡಿನ ಗೊರಸಿನಂಥ ಗಟ್ಟಿ ಚರ್ಮ. ಉಕ್ಕಿನ ತಂತಿ ಕೈ ಕೊಯ್ಯುತ್ತದೆ, ಕರುಳಿನ ತಂತಿ ದುಬಾರಿ. ಆದ್ದರಿಂದ ನಮ್ಮಂಥ ಹಲವರು ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನೇ ಹೋಲುವ ತಂತಿ ಕಟ್ಟಿಕೊಳ್ಳುತ್ತೇವೆ. ನನ್ನ ಬಾಸಿನಲ್ಲಿ ಇರುವುದೂ ಅದೇ.

ಹೊರಡುವ ಹಿಂದಿನ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. ‘ತಿರುಗಾಟಕ್ಕೆ ಹೊರಟಿದ್ದೇನೆ’ ಎಂದೆ. ಬೇರೆ ಶಬ್ದ ನನಗೆ ತೋಚಲಿಲ್ಲ. ನವೆಂಬರಿನಲ್ಲಿ ಹೊರಟ ಮೇಳಗಳು ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ರಾತ್ರಿ ಆಟ, ಹಗಲು ನಿದ್ದೆ, ಸಂಜೆ ಮುಂದಿನ ಊರು ಎಂದು ಸುತ್ತುವುದನ್ನು ಅವರು ನಲವತ್ತು ವರ್ಷ ಮಾಡಿದ್ದಾರೆ. ಎಷ್ಟು ಜನ ಬರುತ್ತಾರೆ, ಎಷ್ಟು ದುಡ್ಡು, ಒಂದನ್ನೂ ಕೇಳಲಿಲ್ಲ.

‘ಅಲ್ಲ ಮಾರಾಯ, ರಾತ್ರಿ ಊಟ ಯಾರು ಹಾಕುತ್ತಾರೆ?’

‘ಯಾರೂ ಹಾಕುವುದಿಲ್ಲ ದೊಡ್ಡಪ್ಪ, ನಾವೇ ನೋಡಿಕೊಳ್ಳಬೇಕು.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಾಗಾದರೆ ಅಕ್ಕಿ ಕಟ್ಟಿಕೊಂಡು ಹೋಗು’ ಎಂದರು. ನಾನು ಸಣ್ಣ ರೈಸ್ ಕುಕ್ಕರ್, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ ಕಟ್ಟಿಕೊಂಡೆ.

ಮೊದಲ ಊರು ಟೆನೆಸಿಯ ಜಾಕ್ಸನ್. ರಾಕಬಿಲಿ ಗಾಯಕ ಕಾರ್ಲ್ ಪರ್ಕಿನ್ಸ್ ನೆಲೆಸಿದ್ದ ಊರು. ಹತ್ತಿ ಬಿಡಿಸುವ ಬಡ ಗೇಣಿದಾರರ ಮಗ, ತನ್ನ ಹಾಡು ದೇಶವೆಲ್ಲ ಹಬ್ಬಿದ್ದ 1956ರ ಮಾರ್ಚಿನಲ್ಲಿ ಟೆಲಿವಿಷನ್ ಕಾರ್ಯಕ್ರಮಕ್ಕೆಂದು ನ್ಯೂಯಾರ್ಕಿಗೆ ಕಾರಿನಲ್ಲಿ ಹೊರಟು, ಡೆಲವೇರ್‌ನ ಡೋವರ್ ಬಳಿ ಅಪಘಾತವಾಗಿ ಆಸ್ಪತ್ರೆ ಸೇರಿದ. ಜತೆಗಿದ್ದ ಅಣ್ಣನ ಕುತ್ತಿಗೆಯ ಮೂಳೆ ಮುರಿಯಿತು. ಇದನ್ನು ನಮ್ಮ ಹಾಡುಗಾರ ಪ್ರತಿ ಸಲ ವ್ಯಾನ್ ಹತ್ತುವಾಗ ಹೇಳುತ್ತಾನೆ, ಹೇಳಿ ಸೀಟ್ ಬೆಲ್ಟ್ ಎಳೆದು ನೋಡುತ್ತಾನೆ. ಜಾಕ್ಸನ್ನಿನಲ್ಲಿ ನಮಗೆ ಮೂವತ್ತು ಜನ, ಇನ್ನೂರು ಡಾಲರ್. ಡ್ರಮ್ಮರಿನ ಅತ್ತೆಯ ಮನೆಯಲ್ಲಿ ಮಲಗಿದೆವು.

ಮೆಂಫಿಸ್‌ನಲ್ಲಿ ಮಧ್ಯಾಹ್ನ ಬಿಡುವಿತ್ತು. ಸನ್ ಸ್ಟುಡಿಯೊಗೆ ಹೋದೆ. ವಿಳಾಸ 706, ಯೂನಿಯನ್ ಅವೆನ್ಯೂ. ಸ್ಯಾಮ್ ಫಿಲಿಪ್ಸ್ 1950ರಲ್ಲಿ ತೆರೆದ ಧ್ವನಿಮುದ್ರಣದ ಕೋಣೆ ನಮ್ಮೂರಿನ ಸೊಸೈಟಿಯ ರೇಷನ್ ಅಂಗಡಿಗಿಂತ ಬಹಳ ದೊಡ್ಡದೇನಲ್ಲ. 1954ರ ಜುಲೈಯಲ್ಲಿ ಎಲ್ವಿಸ್ ಪ್ರೆಸ್ಲಿ ಇಲ್ಲಿ ಹಾಡಿದಾಗ ಜತೆಯಲ್ಲಿದ್ದವರು ಇಬ್ಬರೇ, ಗಿಟಾರಿನ ಸ್ಕಾಟಿ ಮೂರ್ ಮತ್ತು ಬಾಸಿನ ಬಿಲ್ ಬ್ಲ್ಯಾಕ್. ಡ್ರಮ್ ಇರಲಿಲ್ಲ. ಡ್ರಮ್ಮಿನ ಕೆಲಸವನ್ನೂ ಬಿಲ್ ಬ್ಲ್ಯಾಕ್‌ನ ಅಂಗೈ ಮಾಡಿತು. ಗೈಡ್ ಹುಡುಗಿ ಎಲ್ವಿಸ್ ಎಲ್ಲಿ ನಿಂತಿದ್ದ ಎಂದು ತೋರಿಸಿದಳು, ಜನ ಸರತಿಯಲ್ಲಿ ಅಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಬಾಸ್ ಎಲ್ಲಿ ನಿಂತಿತ್ತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸಂಕೋಚ.

ಮೆಂಫಿಸ್ ದಾಟಿ ಮಿಸಿಸಿಪ್ಪಿ ನದಿಯ ಆಚೆ ಆರ್ಕನ್ಸಾ. ಹೆದ್ದಾರಿಯ ಎರಡೂ ಬದಿ ಕಣ್ಣು ಹಾಯುವಷ್ಟೂ ಮಟ್ಟಸ ಗದ್ದೆ, ಕೆಲವದರಲ್ಲಿ ನೀರು ನಿಂತಿತ್ತು. ಅಮೆರಿಕದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯ ಇದು ಎಂದು ಆವರೆಗೆ ನನಗೆ ತಿಳಿದಿರಲಿಲ್ಲ. ಬದು ಇಲ್ಲದ, ತೆಂಗಿನ ಮರವಿಲ್ಲದ, ಮನುಷ್ಯರೇ ಇಲ್ಲದ ಗದ್ದೆ. ನೋಡಿ ಖುಷಿಯಾಗಲೂ ಇಲ್ಲ, ಊರಿನ ನೆನಪಾಗದೆ ಇರಲೂ ಇಲ್ಲ.

ಲಿಟಲ್ ರಾಕ್‌ನ ವಿಷಯವನ್ನು ಬೇಗ ಮುಗಿಸುತ್ತೇನೆ. ನಾನೂರು ಡಾಲರ್ ಎಂದು ಒಪ್ಪಿಕೊಂಡಿದ್ದ ಬಾರಿನವರು ಆಟ ಮುಗಿದ ಮೇಲೆ ನೂರ ನಲವತ್ತು ಎಣಿಸಿದರು. ‘ಬಾಗಿಲಲ್ಲಿ ಬಂದದ್ದೇ ಅಷ್ಟು’ ಎಂಬುದು ಅವರ ಮಾತು. ಒಪ್ಪಂದ ಇದ್ದದ್ದು ಮೊಬೈಲಿನ ಸಂದೇಶಗಳಲ್ಲಿ, ಅದನ್ನು ಬರೆದ ವ್ಯಕ್ತಿ ಅಲ್ಲಿ ಕೆಲಸ ಬಿಟ್ಟಾಗಿತ್ತು. ಹಾಡುಗಾರ ಮುಷ್ಟಿ ಬಿಗಿದ. ಡ್ರಮ್ಮರ್ ಅವನನ್ನು ಕಣ್ಣಲ್ಲೇ ತಡೆದು, ದುಡ್ಡು ತೆಗೆದುಕೊಂಡು ಸಹಿ ಹಾಕಿ, ತನ್ನ ನೋಟುಪುಸ್ತಕದಲ್ಲಿ ಆ ಜಾಗದ ಹೆಸರಿನ ಮೇಲೆ ಒಂದು ಗೆರೆ ಎಳೆದಳು. ಗೆರೆ ಎಳೆದ ಹೆಸರುಗಳು ಆ ಪುಸ್ತಕದಲ್ಲಿ ಬಹಳ ಇವೆ.

ಭಾನುವಾರ ಸಂಜೆ ಫೋರ್ಟ್ ಸ್ಮಿತ್‌ಗೆ ಇನ್ನೂ ಮೂವತ್ತು ಮೈಲಿ ಇರುವಾಗ ವ್ಯಾನಿನಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಆಲ್ಟರ್ನೇಟರ್ ಸತ್ತಿದೆ, ಬ್ಯಾಟರಿಯಲ್ಲಿ ಇರುವಷ್ಟು ಕರೆಂಟಿನಲ್ಲಿ ಊರು ಮುಟ್ಟಬೇಕು ಎಂದ ಗಿಟಾರಿನವನು. ರೇಡಿಯೊ, ಮೊಬೈಲ್ ಚಾರ್ಜರ್, ಹೀಟರಿನ ಫ್ಯಾನ್, ಎಲ್ಲ ಬಂದ್. ಹೊರಗೆ ಹಿಮ ಬೀಳುವ ಚಳಿ. ಹತ್ತು ನಿಮಿಷದಲ್ಲಿ ಕಿಟಕಿಯ ಒಳಗೆ ನಮ್ಮ ಉಸಿರು ಮಂಜಾಗಿ ಕೂತಿತು. ಕತ್ತಲಲ್ಲಿ ಗಿಟಾರಿನವನು ಶುರುಮಾಡಿದ: 1959ರ ಇದೇ ಫೆಬ್ರವರಿ, ರಾಕ್ ಅಂಡ್ ರೋಲ್ ಗಾಯಕ ಬಡ್ಡಿ ಹೋಲಿಯ ತಂಡ, ಬಸ್ಸಿನ ಹೀಟರ್ ಕೆಟ್ಟು ಡ್ರಮ್ಮರಿನ ಕಾಲು ಮರಗಟ್ಟಿ ಆಸ್ಪತ್ರೆಗೆ ಹಾಕಬೇಕಾಯಿತು, ಇನ್ನು ಈ ಬಸ್ಸು ಸಾಕು ಎಂದು ಹೋಲಿ ಅಯೋವಾದ ಕ್ಲಿಯರ್ ಲೇಕ್‌ನಲ್ಲಿ ಸಣ್ಣ ವಿಮಾನ ಗೊತ್ತುಮಾಡಿದ, ಮೂರನೆಯ ತಾರೀಕು ಆ ವಿಮಾನ...

‘ಬಾಯಿ ಮುಚ್ಚು’ ಎಂದಳು ಡ್ರಮ್ಮರ್. ಅವಳು ಆಗಲೇ ಎರಡೂ ಕಾಲುಗಳನ್ನು ಟಿ-ಶರ್ಟಿನ ಪೆಟ್ಟಿಗೆಯೊಳಗೆ ಇಳಿಸಿದ್ದಳು.

ಹೆಡ್‌ಲೈಟು ಎಣ್ಣೆ ತೀರಿದ ಹಣತೆಯಂತೆ ಕಂತುತ್ತಿರುವಾಗ ಊರು ಸಿಕ್ಕಿತು. ಗ್ಯಾರೇಜು ತೆರೆಯುವುದು ಸೋಮವಾರ. ಆ ರಾತ್ರಿ ಮೋಟೆಲಿನಲ್ಲಿ ಕುಕ್ಕರ್ ಇಟ್ಟು ಅನ್ನ ಮಾಡಿ ಸಾರು ಕಲಸಿದೆ. ಪ್ಲೇಟುಗಳಿರಲಿಲ್ಲ, ಕಾಫಿ ಲೋಟಗಳಲ್ಲೇ ಉಂಡೆವು. ಮಿಡಿ ಉಪ್ಪಿನಕಾಯಿ ಕಚ್ಚಿದ ಹಾಡುಗಾರ ಐದು ನಿಮಿಷ ಮಾತಾಡಲಿಲ್ಲ, ಆಮೇಲೆ ಇನ್ನೊಂದು ಕೇಳಿದ.

ಮರುದಿನ 310 ಡಾಲರ್ ಕಟ್ಟಿ ಹೊಸ ಆಲ್ಟರ್ನೇಟರ್ ಹಾಕಿಸಿಕೊಂಡು ಟಲ್ಸಾ ಮುಟ್ಟಿದಾಗ ರಾತ್ರಿ ಎಂಟು. ಕೋಣೆ ಎರಡನೆಯ ಮಹಡಿಯಲ್ಲಿ. ಬಾಸನ್ನು ರಾತ್ರಿ ವ್ಯಾನಿನಲ್ಲಿ ಬಿಡುವಂತಿಲ್ಲ, ಕಳ್ಳರ ಭಯಕ್ಕಿಂತ ಚಳಿಯ ಭಯ. ಊರಿನಲ್ಲಿ ಮದ್ದಳೆಗೆ ಥಂಡಿಯೇ ಶತ್ರು, ಚರ್ಮ ಸಡಿಲಾಗುತ್ತದೆ. ಇಲ್ಲಿ ಬಾಸಿಗೆ ಒಣ ಹವೆ ಶತ್ರು, ಮರ ಬಿರಿಯುತ್ತದೆ. ಹಾಗಾಗಿ ತೂತು ಕೊರೆದ ಸಾಬೂನು ಡಬ್ಬಿಯಲ್ಲಿ ಒದ್ದೆ ಸ್ಪಂಜು ಇಟ್ಟು ಅದರ ಚೀಲದೊಳಗೆ ಹಾಕಿರುತ್ತೇನೆ, ಬಾಣಂತಿಯನ್ನು ನೋಡಿಕೊಂಡ ಹಾಗೆ. ಹೀಗೆ ಜೋಪಾನ ಮಾಡಿದ ಬಾಸನ್ನು ಹೊತ್ತು ಕಬ್ಬಿಣದ ಮೆಟ್ಟಿಲು ಹತ್ತುವಾಗ ಮಂಜುಗಡ್ಡೆಯ ಮೇಲೆ ಕಾಲಿಟ್ಟೆ. ನಾನು ಕೂತೆ, ಬಾಸ್ ಕಂಬಿಗೆ ಬಡಿಯಿತು.

ಹೊರಗೆ ಗೀರು ಕೂಡ ಇರಲಿಲ್ಲ. ಎತ್ತಿ ಅಲ್ಲಾಡಿಸಿದೆ. ಒಳಗೆ ಕಟಕಟ ಸದ್ದು, ಒಣ ತೆಂಗಿನಕಾಯಿಯೊಳಗೆ ಕೊಬ್ಬರಿ ಉರುಳಿದ ಹಾಗೆ. ಸೌಂಡ್‌ಪೋಸ್ಟ್ ಬಿದ್ದಿತ್ತು.

ಬಾಸಿನ ಹೊಟ್ಟೆಯೊಳಗೆ, ತಂತಿ ಹೊರುವ ಕುದುರೆಯ ಒಂದು ಕಾಲಿನ ಹಿಂದೆ, ಹೆಬ್ಬೆರಳು ದಪ್ಪದ ಮರದ ಗೂಟವೊಂದು ಮುಂಬದಿಯ ಹಲಗೆಗೂ ಹಿಂಬದಿಯ ಹಲಗೆಗೂ ನಡುವೆ ನಿಂತಿರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಬರೀ ಒತ್ತಡದಿಂದ ನಿಂತದ್ದು. ಅದು ಬಿದ್ದ ಮೇಲೆ ತಂತಿಗಳನ್ನು ಬಿಗಿಯಾಗಿಯೇ ಬಿಟ್ಟರೆ ಹಲಗೆ ಕುಸಿಯಬಹುದು. ಮೆಟ್ಟಿಲ ಮೇಲೆ ಕೂತೇ ನಾಲ್ಕೂ ಬಿರಡೆ ಸಡಿಲಿಸಿದೆ. ಅದನ್ನು ಮತ್ತೆ ನಿಲ್ಲಿಸಲು ಎಸ್ ಆಕಾರದ ಉಪಕರಣ ಬೇಕು, ನಿಲ್ಲಿಸಬಲ್ಲವನು ಬೇಕು. ನಮ್ಮ ಹತ್ತಿರ ಮೋಟೆಲಿನ ಬಟ್ಟೆ ಹ್ಯಾಂಗರ್ ಇತ್ತು.

ಹ್ಯಾಂಗರಿನ ತಂತಿಯನ್ನು ಬಗ್ಗಿಸಿ, ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡಿ, ಗೂಟದ ಮೈಗೆ ಚುಚ್ಚಿ, ಎಫ್ ಆಕಾರದ ಸೀಳಿನಿಂದ ಒಳಗೆ ಬಿಟ್ಟೆ. ಗಿಟಾರಿನವನು ಇನ್ನೊಂದು ಸೀಳಿನಲ್ಲಿ ಮೊಬೈಲಿನ ಟಾರ್ಚ್ ಹಿಡಿದ. ಬಾಸಿನ ಕೆಳಗಿನ ಕಬ್ಬಿಣದ ಕಾಲನ್ನು ಎಳೆದು ತೆಗೆದರೆ ಅಲ್ಲೊಂದು ತೂತು. ಡ್ರಮ್ಮರ್ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಅದಕ್ಕೆ ಕಣ್ಣು ಕೊಟ್ಟಳು. ‘ಎಡಕ್ಕೆ... ಇನ್ನೂ ಎಡಕ್ಕೆ... ನಿನ್ನ ಎಡವಲ್ಲ, ನನ್ನ ಎಡ.’ ಗೂಟದ ಎರಡೂ ತುದಿಗಳು ಹಲಗೆಯ ಬಾಗಿಗೆ ತಕ್ಕಂತೆ ಓರೆಯಾಗಿ ಕತ್ತರಿಸಿರುತ್ತವೆ. ಸ್ವಲ್ಪ ತಿರುಗಿದರೂ ಕೂರುವುದಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಹ್ಯಾಂಗರ್ ಹೊರಗೆಳೆದರೆ ಕಟಕಟ. ಮತ್ತೆ ಬಾಸನ್ನು ಮೇಲೆ ಕೆಳಗೆ ಮಾಡಿ ಗೂಟವನ್ನು ಸೀಳಿನ ಬಾಯಿಗೆ ತರಬೇಕು, ಹುಂಡಿಯಿಂದ ಚಿಲ್ಲರೆ ಉದುರಿಸಿದಂತೆ. ಹಾಡುಗಾರ ಮೊದಮೊದಲು ಎಣಿಸುತ್ತಿದ್ದ, ಹದಿಮೂರರ ಮೇಲೆ ಎಣಿಸುವುದನ್ನು ಬಿಟ್ಟು ನಿದ್ದೆ ಹೋದ.

ರಾತ್ರಿ ಎರಡಕ್ಕೆ ನಿಂತಿತು. ಯಾಕೆ ಆ ಸಲ ನಿಂತಿತು, ಗೊತ್ತಿಲ್ಲ. ಕುದುರೆ ಇಟ್ಟು, ನಾಲ್ಕೂ ತಂತಿಗಳನ್ನು ಸ್ವಲ್ಪಸ್ವಲ್ಪವೇ ಬಿಗಿದು, ದಪ್ಪ ತಂತಿಯನ್ನು ಒಮ್ಮೆ ಎಳೆದು ಬಿಟ್ಟೆ. ಮೊದಲಿನ ಬಾಸ್ ಅಲ್ಲ ಅದು. ಸ್ವರ ಕೊಂಚ ಕಪ್ಪಾಗಿತ್ತು, ಬಾವಿಯೊಳಗಿಂದ ಕರೆದಂತೆ. ಪಕ್ಕದ ಕೋಣೆಯವರು ಗೋಡೆ ಗುದ್ದಿದರು.

ಮಾರನೆಯ ರಾತ್ರಿ ಟಲ್ಸಾದಲ್ಲಿ ಬಾರಿಸಿದೆವು. 1924ರಲ್ಲಿ ಕಟ್ಟಿದ ಕೇನ್ಸ್ ಬಾಲ್‌ರೂಮ್ ಇರುವ ಊರು. ಬಾಬ್ ವಿಲ್ಸ್ ತಂಡದ ಕುಣಿತದ ಸಂಗೀತ 1930ರ ದಶಕದಲ್ಲಿ ಅಲ್ಲಿಂದ ರೇಡಿಯೊದಲ್ಲಿ ಪ್ರಸಾರವಾಗುತ್ತಿತ್ತು, ರಾಕಬಿಲಿಯ ಒಂದು ಬೇರು ಅಲ್ಲಿದೆ. ನಾವು ಅದರ ಮುಂದೆ ವ್ಯಾನ್ ನಿಧಾನ ಮಾಡಿ ಫಲಕ ನೋಡಿ, ನಮಗೆ ಗೊತ್ತಾಗಿದ್ದ ಸಣ್ಣ ಬಾರಿಗೆ ಹೋದೆವು. ಮೊದಲ ಅರ್ಧ ಗಂಟೆ ಪ್ರತಿ ಪೆಟ್ಟಿಗೂ ನನ್ನ ಕಿವಿ ಬಾಸಿನ ಹೊಟ್ಟೆಯೊಳಗೇ ಇತ್ತು. ಗೂಟ ಅಲುಗಲಿಲ್ಲ.

ಒಕ್ಲಹೋಮಾ ಸಿಟಿಯಲ್ಲಿ ಬುಧವಾರ ಜನ ಕಡಿಮೆ. ಆದರೆ ಆಟ ಮುಗಿದ ಮೇಲೆ ವಯಸ್ಸಾದ ದಂಪತಿ ಬಂದು ‘ಎಲ್ಲಿ ಮಲಗುತ್ತೀರಿ?’ ಎಂದರು. ಇದೇ ರಾಜ್ಯದ ಮಾಡ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ವಾಂಡಾ ಜಾಕ್ಸನ್ ಹಾಡುಗಳಿಗೆ ಕುಣಿದು ಬೆಳೆದವರಂತೆ. ಮನೆಗೆ ಕರೆದೊಯ್ದರು. ನಾನು ಮಾಂಸ ತಿನ್ನುವುದಿಲ್ಲ ಎಂದು ತಿಳಿದು ಆ ಅಮ್ಮ ರಾತ್ರಿ ಹನ್ನೆರಡೂವರೆಗೆ ಬೇರೆ ಪಾತ್ರೆ ಇಟ್ಟು ಬೀನ್ಸ್ ಕಾಳು ಬೇಯಿಸಿ ಜೋಳದ ರೊಟ್ಟಿಯೊಡನೆ ಬಡಿಸಿದರು. ನಮ್ಮ ಜೋಳದ ರೊಟ್ಟಿಯಲ್ಲ, ಮೆಕ್ಕೆಜೋಳದ ಸಿಹಿ ಬ್ರೆಡ್ಡು. ಎರಡು ಸಲ ಹಾಕಿಸಿಕೊಂಡೆ. ಬಾಸಿಗೆ ಬೈಠಕ್ ಕೋಣೆಯ ಸೋಫಾ ಸಿಕ್ಕಿತು, ನನಗೆ ಅದರ ಬುಡದ ಚಾಪೆ.

ಡಲ್ಲಾಸ್‌ನಲ್ಲಿ ಶುಕ್ರವಾರ. ಕುಣಿಯುವವರು ಬಂದಿದ್ದರು; ಅದೊಂದೇ ವ್ಯತ್ಯಾಸ. ಕೂತು ಕೇಳುವವರ ಮುಂದೆ ನಮ್ಮ ಸಂಗೀತ ಅರ್ಧ ಬೆಂದ ಅನ್ನ. ಜೋಡಿಗಳು ತಿರುಗತೊಡಗಿದಾಗ ಅವರ ಬೂಟುಗಳ ಪೆಟ್ಟು ನೆಲದಿಂದ ಬಾಸಿನ ಕಬ್ಬಿಣದ ಕಾಲಿನ ಮೂಲಕ ನನ್ನ ಕೈಗೆ ಬರುತ್ತದೆ. ಆಗ ನಾನು ತಾಳ ಹಿಡಿಯಬೇಕಾಗಿಲ್ಲ, ಹಿಡಿದದ್ದನ್ನು ಬಿಡದೆ ಇದ್ದರೆ ಸಾಕು. ಒಂದೂವರೆ ಗಂಟೆ ಹೇಗೆ ಹೋಯಿತೋ ಕಾಣೆ. ಬಲಗೈ ತೋರುಬೆರಳಿನ ಟೇಪು ಕಿತ್ತುಹೋಗಿ ಚರ್ಮ ಸುಲಿದದ್ದು ಸಾಮಾನು ಕಟ್ಟುವಾಗ ತಿಳಿಯಿತು.

ಮೋಟೆಲಿನ ದುಡ್ಡು ಉಳಿಸಲು ಅಲ್ಲಿಂದಲೇ ನ್ಯಾಶ್‌ವಿಲ್ ದಾರಿ ಹಿಡಿದೆವು, 660 ಮೈಲಿ, ಇಬ್ಬರು ನಿದ್ದೆ ಇಬ್ಬರು ಎಚ್ಚರ ಎಂಬ ಪಾಳಿಯಲ್ಲಿ. ಬೆಳಗಿನ ಜಾವ ಡ್ರಮ್ಮರ್ ಮೊಬೈಲ್ ಬೆಳಕಿನಲ್ಲಿ ಲೆಕ್ಕ ಓದಿದಳು. ಆರು ಕಾರ್ಯಕ್ರಮಗಳಿಂದ 1,640. ಟಿ-ಶರ್ಟು, ರೆಕಾರ್ಡು ಮಾರಿದ್ದು 610. ಪೆಟ್ರೋಲ್ 365, ಐದು ರಾತ್ರಿಯ ಮೋಟೆಲ್ 400, ಆಲ್ಟರ್ನೇಟರ್ 310, ಟೋಲ್ 15. ಟಿ-ಶರ್ಟು ಅಚ್ಚು ಹಾಕಿದವನ ಬಾಕಿ 480. ಉಳಿದದ್ದು 680, ತಲೆಗೆ 170 ಡಾಲರ್. ಹತ್ತು ದಿನಕ್ಕೆ. ಯಾರೂ ಏನೂ ಹೇಳಲಿಲ್ಲ, ಕಳೆದ ಸಲಕ್ಕಿಂತ ಹೆಚ್ಚು ಎಂದು ಮಾತ್ರ ಹಾಡುಗಾರ ಗೊಣಗಿದ.

ಮುಂದಿನ ವಾರ ಬಾಸನ್ನು ರಿಪೇರಿಯವನ ಹತ್ತಿರ ಒಯ್ದೆ. ಒಳಗೆ ಕನ್ನಡಿ ಬಿಟ್ಟು ನೋಡಿದವನು, ಗೂಟ ಇರಬೇಕಾದ ಜಾಗಕ್ಕಿಂತ ಒಂದು ಬೆರಳಗಲ ಆಚೆ ಇದೆ ಎಂದ. ಅರವತ್ತು ಡಾಲರ್ ತೆಗೆದುಕೊಂಡು ಸರಿ ಮಾಡಿದ. ಸರಿಯಾಗಿಯೇ ಇದೆ. ಟಲ್ಸಾದ ಆ ಬಾವಿಯ ಸ್ವರ ಮಾತ್ರ ಹೋಯಿತು. ಬೇಡ, ಹಾಗೆಯೇ ಬಿಡು ಎನ್ನಬೇಕಿತ್ತು.

ದೊಡ್ಡಪ್ಪನಿಗೆ ಡಲ್ಲಾಸ್‌ನ ಧ್ವನಿಮುದ್ರಣ ಕಳಿಸಿದ್ದೆ. ‘ನಿನ್ನ ಬಲಗೈ ಮಾತಾಡುತ್ತದೆ, ಎಡಗೈ ಕೇಳಿಸುವುದಿಲ್ಲ’ ಎಂದರು. ದುಡ್ಡಿನ ಲೆಕ್ಕ ಹೇಳಿದೆ, ಹೂಂಗುಟ್ಟಿದರು.

‘ಊಟ?’

ಒಕ್ಲಹೋಮಾದ ಮನೆಯ ಕಥೆ ಹೇಳಿದೆ. ನನಗೆಂದೇ ಬೇರೆ ಪಾತ್ರೆ ಇಟ್ಟದ್ದು, ಎರಡು ಸಲ ಬಡಿಸಿದ್ದು.

‘ಹಾಗಾದರೆ ಒಂದು ಹರಕೆಯಾಟ ಸಿಕ್ಕಿತು ಅನ್ನು’ ಎಂದರು. ಹರಕೆ ಹೊತ್ತವರು ಮೇಳವನ್ನು ಕರೆಸಿ, ಊಟ ಹಾಕಿ ಆಡಿಸುವ ಆಟ ಅದು. ಆಮೇಲೆ, ಆ ಆರಡಿಯ ಸಾಮಾನನ್ನು ಮೆಟ್ಟಿಲ ಮೇಲೆ ಹೊರುವಾಗ ಇಬ್ಬರು ಹಿಡಿಯಬೇಕು, ಮೇಳದಲ್ಲಿ ಪೆಟ್ಟಿಗೆಗೆ ಯಾವತ್ತೂ ಇಬ್ಬರು ಎಂದು ಬೈಯತೊಡಗಿದರು.